ಮರ ಗೊತ್ತಿಲ್ಲದ ಎಲೆಯನ್ನು ಕುದಿಸಬೇಡಿ

ಮಳೆ ಹಿಡಿದು ಎರಡು ವಾರವಾಯಿತೆಂದರೆ ಉತ್ತರ ಕನ್ನಡದ ಘಟ್ಟದ ಬುಡದ ಊರುಗಳಲ್ಲಿ ಒಲೆಯ ಮೇಲಿನ ಕಷಾಯದ ಪಾತ್ರೆ ಕೆಳಗಿಳಿಯುವುದೇ ಇಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿಗೆ ಬೆಲ್ಲ, ಹಾಲು ಬೆರೆಸಿದ ಕಷಾಯ ಒಂದು ಬಗೆ. ಅದಲ್ಲದೆ ಹಿತ್ತಲಿನ ಲಿಂಬೆಹುಲ್ಲು, ಪೇರಲೆಯ ಚಿಗುರು, ಬೆಟ್ಟದಿಂದ ತಂದ ದಾಲ್ಚಿನ್ನಿಯ ಎಲೆ, ಹೀಗೆ ಗೊತ್ತಿದ್ದ ಎಲೆಯನ್ನು ನೀರಿಗೆ ಹಾಕಿ ಕುದಿಸಿ ಕುಡಿಯುವ ರೂಢಿ ಹಿಂದಿನಿಂದ ಬಂದದ್ದು. ಹಳ್ಳ ತುಂಬಿ ಪೇಟೆಗೆ ಹೋಗಲಾಗದ ದಿನಗಳಲ್ಲಿ ನಮ್ಮ ಹಿರಿಯರಿಗೆ ಇದೇ ಚಹಾ ಆಗಿತ್ತು.

ಇತ್ತೀಚಿನ ವರ್ಷಗಳಲ್ಲಿ ಈ ರೂಢಿಗೆ ಹೊಸ ಬೆಲೆ ಬಂದಿದೆ. ಪೇಟೆಯವರು 'ಕಾಡಿನ ಚಹಾ' ಎಂದು ಕೇಳಿ ಕೊಳ್ಳುತ್ತಿದ್ದಾರೆ. ಊರಿಗೆ ಮರಳಿದ ತರುಣರು ಎಲೆ ಒಣಗಿಸಿ, ಪೊಟ್ಟಣ ಕಟ್ಟಿ, ನಾಲ್ಕು ಕಾಸು ಮಾಡುವ ಯೋಚನೆಯಲ್ಲಿದ್ದಾರೆ. ಕೃಷಿ ವಿಸ್ತರಣೆಯ ಕೆಲಸದಲ್ಲಿರುವ ನನ್ನನ್ನು ಈ ವಿಷಯದಲ್ಲಿ ಕೇಳುವವರು ಹಲವರು. ನನ್ನ ಅಭಿಪ್ರಾಯ ಇಷ್ಟು: ಎಲೆಯ ಚಹಾ ಒಳ್ಳೆಯದೇ. ಆದರೆ ಮರದಿಂದ ಲೋಟದವರೆಗೆ ಆ ಎಲೆ ಮರ ಬಲ್ಲವರ ಕೈಯಲ್ಲೇ ಬರಬೇಕು. ಯಾರೋ ಕೊಯ್ದು ತಂದ ಚೀಲದ ಎಲೆಯನ್ನು ಹೆಸರು ನಂಬಿ ಕುದಿಸತಕ್ಕದ್ದಲ್ಲ. ಹೀಗೆ ಹೇಳಲು ಕಾರಣವಾದ ಪ್ರಸಂಗವನ್ನು ಮೊದಲು ತಿಳಿಸುತ್ತೇನೆ.

ಚೀಲದಲ್ಲಿ ಕಂಡದ್ದು

ಒಂದು ಬೇಸಿಗೆಯಲ್ಲಿ ಅಡಿಕೆ ತೋಟ ನೋಡಲೆಂದು ಘಟ್ಟದ ಕೆಳಗಿನ ಒಂದು ಮನೆಗೆ ಹೋಗಿದ್ದೆ. ಮನೆಯ ಮಗ ಪಟ್ಟಣದ ಕೆಲಸ ಬಿಟ್ಟು ಬಂದವನು, ಶ್ರಮಜೀವಿ. ಜಗಲಿಯ ಮೇಲೆ ಎರಡು ಗೋಣಿಚೀಲದಲ್ಲಿ ಎಲೆ ಇತ್ತು. "ದಾಲ್ಚಿನ್ನಿ ಎಲೆ ಸಾಹೇಬ್ರೆ, ಒಣಗಿಸಿ ಚಹಾ ಪುಡಿ ಮಾಡ್ತೇನೆ" ಎಂದ. ಕಿಲೋಕ್ಕೆ ಇಷ್ಟೆಂದು ಹೇಳಿ ಹುಡುಗರಿಂದ ಕೊಯ್ಯಿಸಿದ್ದನಂತೆ. ಚೀಲದ ಬಾಯಿ ಬಿಚ್ಚಿದರೆ ಗಮ್ಮೆನ್ನುವ ವಾಸನೆ. ನಾನೂ ಮೆಚ್ಚಿಕೊಂಡು ಒಂದು ಹಿಡಿ ತೆಗೆದು ಮೂಸಿ ನೋಡಿ, "ಒಳ್ಳೆ ಮಾಲು" ಎಂದೆ.

ಅಂಗಳದಲ್ಲಿ ಕೆಲಸ ಮಾಡುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದರು. ಎಲೆಗಳನ್ನು ಒಂದೊಂದಾಗಿ ಹರವಿ, ನಾಲ್ಕೈದನ್ನು ಬೇರೆ ತೆಗೆದಿಟ್ಟು, "ಇದು ಕಾಸರಕ. ಇದನ್ನ ಯಾರು ತಂದ್ರು?" ಎಂದರು. ಅವುಗಳನ್ನು ನೀರಿನಲ್ಲಿ ತೊಳೆದು ಒರೆಸಿ, ಹರಿದು ಮೂಸಿದೆ. ದಾಲ್ಚಿನ್ನಿಯ ವಾಸನೆ ಇರಲಿಲ್ಲ. ಚೀಲದಲ್ಲಿ ಒಟ್ಟಿಗೆ ಇದ್ದುದರಿಂದ ಮೇಲ್ಮೈಗೆ ತಾಗಿದ ವಾಸನೆಯೇ ನನ್ನನ್ನು ಮೋಸ ಮಾಡಿತ್ತು. ಬಿ.ಎಸ್ಸಿ. ಓದಿದ ನಾನು ಸರಿ ಎಂದದ್ದನ್ನು ಶಾಲೆಯ ಮುಖ ಕಾಣದ ಆ ತಾಯಿ ತಪ್ಪು ಎಂದು ತೋರಿಸಿದರು. ಆ ಎರಡೂ ಚೀಲಗಳನ್ನು ಗೊಬ್ಬರದ ಗುಂಡಿಗೂ ಹಾಕದೆ, ದನಕರು ಬಾಯಿ ಹಾಕದಂತೆ ಹೊಂಡ ತೆಗೆದು ಹುಗಿಸಿದೆವು. ಹುಡುಗನ ದುಡಿಮೆ ಹಾಳಾಯಿತು, ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ.

ಎರಡು ಎಲೆ, ಒಂದೇ ನೋಟ

ತಪ್ಪುವುದಕ್ಕೆ ಕಾರಣವಿದೆ. ಕಾಡುದಾಲ್ಚಿನ್ನಿಯ ಎಲೆಯೂ ಕಾಸರಕನ ಎಲೆಯೂ ಎದುರುಬದುರಾಗಿ ಹುಟ್ಟುತ್ತವೆ. ಎರಡೂ ದಪ್ಪ, ಎರಡೂ ಹೊಳಪು. ಮಾವು, ಹಲಸಿನ ಎಲೆಯಲ್ಲಿ ನಡುನರದಿಂದ ಪಕ್ಕಕ್ಕೆ ಕವಲೊಡೆಯುವಂತೆ ಇವುಗಳಲ್ಲಿ ನರಗಳು ಕವಲೊಡೆಯುವುದಿಲ್ಲ. ಬುಡದಿಂದಲೇ ಮೂರು ನರಗಳು ಎದ್ದು ತುದಿಯ ಕಡೆಗೆ ಬಾಗಿ ಸಾಗುತ್ತವೆ. ಕಾಸರಕನಲ್ಲಿ ಅಂಚಿಗೆ ಇನ್ನೆರಡು ಸಣ್ಣ ನರಗಳೂ ಕಾಣುವುದುಂಟು. 'ಮೂರು ನರ ಇದ್ದರೆ ದಾಲ್ಚಿನ್ನಿ' ಎಂದು ಹುಡುಗರಿಗೆ ಹೇಳಿ ಕಳಿಸಿದರೆ ಅವರು ಎರಡನ್ನೂ ತರುವುದು ಸಹಜ.

ಗುರುತಿಸುವ ಕ್ರಮ ಹೀಗಿರಲಿ. ಎಲೆಯನ್ನಲ್ಲ, ಮರವನ್ನು ನೋಡಿ. ದಾಲ್ಚಿನ್ನಿಯ ಚಿಗುರು ಕೆಂಪು. ಅದರ ಕಾಯಿ ಸಣ್ಣದು, ಬುಡದಲ್ಲಿ ಬಟ್ಟಲಿನಂತಹ ತೊಟ್ಟು ಇರುತ್ತದೆ, ಹಣ್ಣಾದಾಗ ಕಪ್ಪುಮಿಶ್ರಿತ ನೇರಳೆ ಬಣ್ಣ. ತೊಗಟೆ ಕೆರೆದರೆ ಪರಿಮಳ ಬರುತ್ತದೆ. ಕಾಸರಕನ ಹಣ್ಣು ಸಣ್ಣ ಕಿತ್ತಳೆಯಂತೆ ದುಂಡಗೆ, ಕಿತ್ತಳೆ ಬಣ್ಣದ್ದು. ಒಳಗೆ ಗುಂಡಿಯಂತೆ ಚಪ್ಪಟೆಯಾದ ಬೀಜಗಳು. ಮರ ಸರಿ ಎಂದು ಖಚಿತವಾದ ಮೇಲೂ ಹಸಿ ಎಲೆಯನ್ನು ಒಂದೊಂದಾಗಿ ಹರಿದು ಮೂಸಬೇಕು, ರಾಶಿಯನ್ನು ಮೂಸಿ ತೀರ್ಮಾನಿಸಬಾರದು. ಬಾಯಲ್ಲಿ ಅಗಿದು ನೋಡುವ ಪರೀಕ್ಷೆಯಂತೂ ಕೂಡದು.

ಕಾಸರಕನಲ್ಲಿ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ವಿಷಗಳಿವೆ. ಬೀಜದಲ್ಲಿ ಹೆಚ್ಚು, ತೊಗಟೆ ಮತ್ತು ಎಲೆಗಳಲ್ಲಿಯೂ ಉಂಟು. ಈ ವಿಷ ಏರಿದರೆ ಮೈ ಸೆಟೆದು ಸೆಳವು ಬರುತ್ತದೆ, ಉಸಿರಾಟ ನಿಲ್ಲುತ್ತದೆ. ಕುದಿಸಿದರೆ ವಿಷ ಇಳಿಯುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಅದನ್ನು ನಂಬಬಾರದು. ನೆರೆಯ ತಮಿಳುನಾಡಿನಲ್ಲಿ ಒಡುವನ್ ಎಂಬ ಕಾಡುಮರದ ಎಲೆ ಕುದಿಸಿದ ನೀರಿನಿಂದ ಪ್ರಾಣ ಹೋದ ಪ್ರಕರಣಗಳು ವೈದ್ಯರ ದಾಖಲೆಗಳಲ್ಲಿವೆ. ಅಲ್ಲಿ ಕುದಿತವು ವಿಷವನ್ನು ಕಳೆಯಲಿಲ್ಲ, ಎಲೆಯಿಂದ ನೀರಿಗೆ ಇಳಿಸಿತು. ಯಾವುದೇ ಎಲೆಯ ನೀರು ಕುಡಿದ ಮೇಲೆ ಮೈ ಸೆಟೆಯುವುದು, ತಲೆಸುತ್ತು, ವಾಂತಿ ಕಂಡರೆ ಮನೆಮದ್ದು ಮಾಡುತ್ತ ಕೂಡದೆ ಆಸ್ಪತ್ರೆಗೆ ಹೋಗಿ. ಒತ್ತಾಯದಿಂದ ವಾಂತಿ ಮಾಡಿಸಬೇಡಿ. ಪಾತ್ರೆಯಲ್ಲಿ ಉಳಿದ ಎಲೆಯನ್ನು ಜೊತೆಗೆ ಒಯ್ಯಿರಿ.

ಚಹಾವೂ ಕಾಡಿನದೇ

'ಹಾಗಾದರೆ ಅಂಗಡಿಯ ಚಹಾಪುಡಿಯೇ ಸಾಕು, ಕಾಡಿನ ಎಲೆಯ ಗೊಡವೆ ಬೇಡ' ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅಂಗಡಿಯ ಚಹಾ ಕೂಡ ಮೂಲದಲ್ಲಿ ಕಾಡುಮರದ ಎಲೆಯೇ. ಕತ್ತರಿಸಿ ಸೊಂಟದೆತ್ತರಕ್ಕೆ ನಿಲ್ಲಿಸಿರುವುದರಿಂದ ನಮಗೆ ಅದು ಗಿಡವಾಗಿ ಕಾಣುತ್ತದೆ. ಅಸ್ಸಾಮಿನ ಸಿಂಗ್ಫೋ ಜನರು ಕಾಡಿನಲ್ಲಿ ಬೆಳೆದ ಚಹಾ ಮರದ ಎಲೆಯನ್ನು ಕೊಯ್ದು, ಬಿದಿರಿನ ಅಂಡೆಯಲ್ಲಿ ತುಂಬಿ, ಒಲೆಯ ಮೇಲೆ ಹೊಗೆಗೆ ಇಟ್ಟು ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಬ್ರಿಟಿಷ್ ವ್ಯಾಪಾರಿಗೆ ಆ ಮರವನ್ನು ತಿಳಿಸಿಕೊಟ್ಟವರು ಅವರೇ. ಅಸ್ಸಾಮಿನ ಚಹಾ ತೋಟಗಳ ಕಥೆ ಶುರುವಾಗುವುದು ಅಲ್ಲಿಂದ. ಎಲೆಯ ಬೆಲೆ ಕಂಡವನು ವ್ಯಾಪಾರಿ, ಮರವನ್ನು ಬಲ್ಲವರು ಆ ಊರಿನ ಜನ.

ನಮ್ಮಲ್ಲಿಯೂ ಅಂಥ ಬಲ್ಲವರಿದ್ದಾರೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅಕ್ಷರ ಕಲಿತವರಲ್ಲ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿಯುತ್ತ, ಯಾವ ಮರದ ಬೀಜವನ್ನು ಯಾವಾಗ ಆಯಬೇಕೆಂದು ಅಧಿಕಾರಿಗಳಿಗೆ ಹೇಳಿಕೊಟ್ಟರು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀ ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ಹಿರಿಯರು ಒಬ್ಬೊಬ್ಬರಾಗಿ ಹೋದಂತೆ ಮರದ ಗುರುತೂ ಹೋಗುತ್ತಿದೆ. ನಮ್ಮ ಮಕ್ಕಳಿಗೆ ಚಹಾಪುಡಿಯ ಹೆಸರುಗಳು ಬಾಯಿಪಾಠ, ಬೇಲಿಯಾಚೆಯ ಮರದ ಹೆಸರು ಗೊತ್ತಿಲ್ಲ. ಎಲೆಯ ಚಹಾದಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿ.

ಸರಿಯಾದ ಮರ, ತಪ್ಪಾದ ಎಲೆ

ಮರ ಸರಿಯಿದ್ದರೂ ಕೊಯ್ಯಬಾರದ ಎಲೆ ಉಂಟು. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ನಾವೆಲ್ಲ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಶೇಕಡಾ 1ರ ದ್ರಾವಣವೆಂದರೆ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೇಲಿನಿಂದ ಬಿದ್ದ ಹನಿ ತೋಟದೊಳಗಿನ ದಾಲ್ಚಿನ್ನಿ, ಲಿಂಬೆ, ಪೇರಲೆಗಳ ಎಲೆಯ ಮೇಲೆಲ್ಲ ಕೂರುತ್ತದೆ. ಅದು ಎಲೆಗೆ ಅಂಟಿ ನಿಲ್ಲಲೆಂದೇ ಮಾಡಿದ ಔಷಧ, ಒಮ್ಮೆ ತೊಳೆದ ಮಾತ್ರಕ್ಕೆ ಹೋಗುವುದಿಲ್ಲ. ಆದ್ದರಿಂದ ಔಷಧಿ ಬೀಳುವ ತೋಟದ ಎಲೆ ಚಹಾಕ್ಕೆ ಬೇಡ. ಹೆದ್ದಾರಿಯ ಧೂಳು ಕುಡಿದ ಮರದ್ದೂ ಬೇಡ.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣ್ಣೆಯಿಂದ, ಅಂದರೆ ಉಣುಗಿನಿಂದ ಹರಡುತ್ತದೆ. ಮಳೆ ಕಳೆದ ಮೇಲಿನ ಒಣ ತಿಂಗಳುಗಳಲ್ಲಿ ಅದರ ಕಾಟ ಹೆಚ್ಚು. ಎಲೆ ಒಣಗಿಸಲು ಬಿಸಿಲು ಸಿಗುವುದೂ ಅದೇ ತಿಂಗಳುಗಳಲ್ಲಿ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಎಲೆಗಾಗಿ ಕಾಲಿಡಬೇಡಿ, ಸತ್ತ ಮಂಗ ಕಂಡರೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬೇರೆ ಕಡೆ ಹೋಗುವುದಾದರೂ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿ, ಮೈ ತುಂಬ ಬಟ್ಟೆ ತೊಟ್ಟು, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ.

ಮೂರನೆಯದು ಮರದ ಹಿತ. ಸೊಪ್ಪಿನಬೆಟ್ಟದಲ್ಲಿ ಕತ್ತಿ ಆಡಿಸಿ ರೂಢಿಯಾದ ಕೈ ಚಹಾದ ಎಲೆಗೂ ಕೊಂಬೆಯನ್ನೇ ಇಳಿಸುತ್ತದೆ. ಮೊಗ್ಗಿಗಾಗಿ ಕೊಂಬೆ ಕಡಿದು ಕಡಿದು ಕಾಡುದಾಲ್ಚಿನ್ನಿ ಹಲವೆಡೆ ಮೊದಲೇ ಸೊರಗಿದೆ. ಮೊಗ್ಗು ಹೋದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಸಸಿಯಿಲ್ಲ. ಅದರ ಮೇಲೆ ಎಲೆಯ ವ್ಯಾಪಾರವೂ ಬಂದರೆ ಮರ ತಾಳಲಾರದು.

ಹಿತ್ತಲಿನಲ್ಲಿ ಎರಡು ಮರ

ಈ ಎಲ್ಲ ತೊಂದರೆಗೂ ಒಂದೇ ಪರಿಹಾರ ನನಗೆ ಕಾಣುವುದು. ಚಹಾದ ಮರ ಮನೆಯ ಹಿತ್ತಲಿನಲ್ಲಿರಲಿ. ನಂಬಿಗಸ್ತ ನರ್ಸರಿಯಿಂದ ದಾಲ್ಚಿನ್ನಿಯ ಎರಡು ಸಸಿ ತನ್ನಿ, ಇಲ್ಲವೇ ಗೊತ್ತಿದ್ದ ಮರದ ಹಣ್ಣು ಆಯ್ದು ಸಿಪ್ಪೆ ತೊಳೆದು ಕೂಡಲೇ ಮರಳಿನ ಮಡಿಯಲ್ಲಿ ಬಿತ್ತಿ. ಈ ಬೀಜ ಬಹುದಿನ ಇಟ್ಟರೆ ಹುಟ್ಟುವುದಿಲ್ಲ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಮಳೆಗಾಲದ ಮೊದಲಲ್ಲಿ ನೆಡಿ. ಗಿಡದಿಂದ ಗಿಡಕ್ಕೆ ಹತ್ತು ಅಡಿ ಬಿಡಿ. ಔಷಧಿ ಹೊಡೆಯುವ ತೋಟದಿಂದ ದೂರವಿರಲಿ. ಒಂದು ಮನೆಯ ಕುಡಿಯುವ ಅಗತ್ಯಕ್ಕೆ ಎರಡು ಗಿಡ ಸಾಕು.

ಬಲಿತ ಎಲೆಯನ್ನು ಕೈಯಿಂದ ಕೀಳಿ, ಒಂದು ರೆಂಬೆಯಿಂದ ಎರಡು ಮೂರಕ್ಕಿಂತ ಹೆಚ್ಚು ಬೇಡ. ತೊಳೆದು ನೆರಳಿನಲ್ಲಿ ಒಣಗಿಸಿ. ಮಡಿಸಿದರೆ ಲಟಕ್ಕನೆ ಮುರಿಯುವಷ್ಟು ಒಣಗಿದ ಮೇಲೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದು ಕಂಡರೆ ಡಬ್ಬಿಯಲ್ಲಿರುವುದನ್ನೆಲ್ಲ ಚೆಲ್ಲಬೇಕು, ಬೂಷ್ಟು ಒರೆಸಿ ಬಳಸಬಾರದು. ಲೋಟಕ್ಕೆ ಒಂದು ಎಲೆಯಂತೆ ಮುರಿದು ಹಾಕಿ, ಪಾತ್ರೆ ಮುಚ್ಚಿ ಐದು ನಿಮಿಷ ಕುದಿಸಿದರೆ ಸಾಕು. ದಿನಕ್ಕೆ ಒಂದೆರಡು ಲೋಟದ ಮಿತಿ ಇರಲಿ.

ಇದರಲ್ಲಿ ಚಹಾದ ಕೆಫೀನ್ ಇಲ್ಲ. ಆದ್ದರಿಂದ ಚಹಾ ಬಿಟ್ಟು ಇದಕ್ಕೆ ಬಂದವರಿಗೆ ಮೊದಲ ಕೆಲವು ದಿನ ತಲೆನೋವು ಬರಬಹುದು, ಹೆದರಬೇಕಾಗಿಲ್ಲ. ಆದರೆ ಎಲೆಯ ನೀರು ಔಷಧವೆಂದು ಭಾವಿಸಿ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆ ಬಿಡುವುದು ದೊಡ್ಡ ತಪ್ಪು. ಪೇರಲೆಯಂತಹ ಒಗರು ಎಲೆಯ ನೀರು, ಅಂಗಡಿಯ ಚಹಾ ಎರಡೂ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತವೆ. ರಕ್ತಹೀನತೆ ಇರುವ ಹೆಂಗಸರು ಊಟವಾಗಿ ಒಂದು ತಾಸಿನ ಮೇಲೆಯೇ ಕುಡಿಯಲಿ. ಬಸುರಿಯರು ವೈದ್ಯರನ್ನು ಕೇಳದೆ ಕುಡಿಯಬಾರದು.

ಮಾರುವ ಆಸೆ ಇರುವವರಿಗೆ ಒಂದು ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ನೋಂದಣಿ ಮಾಡಿಸಬೇಕು. ಚಹಾ ಗಿಡದ್ದಲ್ಲದ ಎಲೆಯನ್ನು 'ಚಹಾ' ಎಂಬ ಹೆಸರಿನಲ್ಲಿ ಮಾರಕೂಡದೆಂದು 2025ರ ಡಿಸೆಂಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಸ್ಪಷ್ಟಪಡಿಸಿದೆ. ಕಾನೂನಿಗಿಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಈ ಪೊಟ್ಟಣದ ಪ್ರತಿಯೊಂದು ಎಲೆ ಯಾವ ಮರದ್ದೆಂದು ನಾನು ಹೇಳಬಲ್ಲೆನೆ? ಹೌದೆನ್ನಲಾಗದಿದ್ದರೆ ಮಾರಬೇಡಿ.

ಮೇಲೆ ಹೇಳಿದ ಹುಡುಗ ಈಗ ಹಿತ್ತಲಿನ ಅಂಚಿನಲ್ಲಿ ದಾಲ್ಚಿನ್ನಿ ಸಸಿ ನೆಟ್ಟಿದ್ದಾನೆ. ಸಸಿ ಆರಿಸಿಕೊಟ್ಟವರು ಅದೇ ಹೆಂಗಸು. ರೈತ ಬಾಂಧವರೇ, ನಿಮ್ಮ ಊರಿನಲ್ಲಿಯೂ ಮರ ಬಲ್ಲ ಹಿರಿಯರು ಒಬ್ಬರಾದರೂ ಇದ್ದಾರೆ. ಈ ಭಾನುವಾರ ಮಕ್ಕಳನ್ನು ಅವರ ಜೊತೆ ಬೆಟ್ಟದಂಚಿಗೆ ಕಳಿಸಿ, ಹತ್ತು ಮರದ ಹೆಸರು ಕಲಿತು ಬರಲಿ. ಕುಡಿಯುವ ಎಲೆ ಯಾವುದೆಂದು ಆಮೇಲೆ ಕಲಿಯಲಿ, ಮುಟ್ಟಬಾರದ ಎಲೆ ಯಾವುದೆಂದು ಮೊದಲು ಕಲಿಯಲಿ.