ಜಿಲ್ಲೆ ಹತ್ತಿರ ಬಂತು, ಮೇಜು ದೂರವೇ ಉಳಿಯಿತು

1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಜನ ಸುಮ್ಮನೆ ಹಿಗ್ಗಲಿಲ್ಲ. ಒಂದು ಸಹಿಗಾಗಿ ಕುಷ್ಟಗಿ, ಯಲಬುರ್ಗಾದವರು ರಾಯಚೂರಿನ ಬಸ್ಸು ಹಿಡಿಯುವ ಗೋಳು ತಪ್ಪಿತು. ಸರ್ಕಾರ ಹತ್ತಿರ ಬಂತು ಎಂದೆವು. ಆದರೆ ಊರುಗೋಲು ಹಿಡಿದವನಿಗೆ, ಗಾಲಿಕುರ್ಚಿಯಲ್ಲಿ ಕೂತವಳಿಗೆ ಅದು ಎಷ್ಟು ಹತ್ತಿರ ಬಂದಿದೆ? ಕಚೇರಿಯ ಗೇಟಿನಿಂದ ಗುಮಾಸ್ತರ ಮೇಜಿನವರೆಗಿನ ಒಳದಾರಿಯನ್ನು ನೋಡಿದರೆ ಉತ್ತರ ಸಿಕ್ಕೀತು.

ಒಂದು ಕಚೇರಿಯಲ್ಲಿ ನಾವೇ ಕಂಡದ್ದು. ಬಾಗಿಲಲ್ಲಿ ಚೆಂದದ ಇಳಿಜಾರು, ಪಕ್ಕದಲ್ಲಿ ನೀಲಿ ಬಣ್ಣದ ಗಾಲಿಕುರ್ಚಿ ಚಿತ್ರ. ಹಿರಿಯರೊಬ್ಬರು ಗಾಲಿಕುರ್ಚಿ ತಳ್ಳಿಸಿಕೊಂಡು ಒಳಗೆ ಬಂದರು. ಪಡಸಾಲೆ ದಾಟಿದರೆ ಎರಡು ಮೆಟ್ಟಿಲು. ಅದನ್ನೂ ಇಬ್ಬರು ಎತ್ತಿ ದಾಟಿಸಿದರು. ಆಮೇಲೆ ಜವಾನ ಹೇಳಿದ: ‘ಸಾಹೇಬ್ರು ಮ್ಯಾಲದಾರ್ರೀ, ಯಾರ್ನಾದ್ರೂ ಕಳಸ್ರಿ.’ ಮಗಳು ಅರ್ಜಿ ಹಿಡಿದು ಹೋದಳು. ಅಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೇಳಲು ಕೆಳಗೆ, ಮತ್ತೆ ಮೇಲೆ. ಹೀಗೆ ಮೂರು ಸಲ. ಅರ್ಜಿದಾರ ಅಧಿಕಾರಿಯ ಮುಖ ಕಾಣಲಿಲ್ಲ, ಅಧಿಕಾರಿ ಅರ್ಜಿದಾರನ ಮುಖ ಕಾಣಲಿಲ್ಲ.

ದಾರಿ ಎಂದರೆ ಸರಪಳಿ ಇದ್ದಂತೆ. ಒಂದು ಕೊಂಡಿ ತಪ್ಪಿದರೂ ಹರಿಯಿತು. ಬಾಗಿಲಿಗೆ ಇಳಿಜಾರು ಹಾಕಿ ಒಳಗೆ ಎರಡು ಮೆಟ್ಟಿಲು ಬಿಟ್ಟರೆ ಹಾಕಿದ ಸಿಮೆಂಟೂ ದಂಡ.

ಕಾನೂನಿಗೇನೂ ಬರವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕೆಂದಿತು. ನಿಯಮ ಬಂದದ್ದು 2017ರ ಜೂನಿನಲ್ಲಿ, ಗಡುವು ಮುಗಿದದ್ದು 2022ರಲ್ಲಿ. ಮಾಡಿದರೂ ಆಯಿತು, ಬಿಟ್ಟರೂ ಆಯಿತು ಎಂಬಂಥ ಮಾನದಂಡ ಸಾಲದು, ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಕೇಂದ್ರಕ್ಕೆ ಹೇಳಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥದಕ್ಕೇ ಹುಟ್ಟಿದ್ದು.

ಹಣವಿಲ್ಲ ಎನ್ನುವವರಿಗೆ ಒಂದು ಮಾತು. ಚುನಾವಣೆ ಬಂತೆಂದರೆ ಶಾಲೆಯ ಮತಗಟ್ಟೆಗೆ ರಾತ್ರೋರಾತ್ರಿ ಇಳಿಜಾರು ಏಳುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಶೇಕಡಾ 40ಕ್ಕೂ ಹೆಚ್ಚು ವೈಕಲ್ಯ ಇದ್ದವರಿಗೆ ಮನೆಯಲ್ಲೇ ಮತ ಹಾಕುವ ಅನುಕೂಲವೂ ಆಯಿತು. ಓಟಿಗೆ ಮನೆ ಬಾಗಿಲಿಗೆ ಬರುವ ಸರ್ಕಾರ, ಅಹವಾಲಿಗೆ ಮಾತ್ರ ಮಾಳಿಗೆ ಹತ್ತಿಸಬೇಕೇ?

ಎಲ್ಲ ಕಡೆ ಲಿಫ್ಟು ಬೇಕೆಂದು ನಾವು ಹಟ ಹಿಡಿದಿಲ್ಲ. ಪಿಂಚಣಿ, ಪ್ರಮಾಣಪತ್ರ, ಪಹಣಿಯ ಕೆಲಸಗಳನ್ನು ನೆಲಮಾಳಿಗೆಯಲ್ಲಲ್ಲ, ಮೇಲೆಯೂ ಅಲ್ಲ, ಬಾಗಿಲ ಮಟ್ಟದಲ್ಲೇ ಇಡಿ. ಆಗದಿದ್ದರೆ ಬಾಗಿಲಲ್ಲೊಂದು ಗಂಟೆ ಕಟ್ಟಿ. ಬಾರಿಸಿದರೆ ಮೇಲಿನವರು ಇಳಿದು ಬರಲಿ. ಇಳಿಜಾರು ಹಾಕುವಾಗ ಲೆಕ್ಕ ನೋಡಿ ಹಾಕಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ಅದು ದಾರಿಯಲ್ಲ, ಜಾರುಬಂಡೆ. ಬಾಗಿಲು ಮೂರು ಅಡಿಯಾದರೂ ಇರಲಿ. ಪಡಸಾಲೆಯಲ್ಲಿ ಪೇರಿಸಿಟ್ಟ ಹಳೆ ಕಡತದ ಕಪಾಟು ತೆಗೆಯಲಿಕ್ಕೆ ಯಾವ ಟೆಂಡರೂ ಬೇಡ.

ಗಂಗಾವತಿಯ ವ್ಯಾಪಾರಿಗಳಿಗೂ ಇದು ಸೇರಿದ ಮಾತೇ. ಜನ ಬಂದುಹೋಗುವ ಖಾಸಗಿ ಕಟ್ಟಡವನ್ನು ಕಾಯ್ದೆ ಹೊರಗಿಟ್ಟಿಲ್ಲ. ಬ್ಯಾಂಕಿಗೆ, ದವಾಖಾನೆಗೆ ಮಾಳಿಗೆ ಬಾಡಿಗೆ ಕೊಡುವಾಗ ಮೆಟ್ಟಿಲ ಕೆಳಗೆ ನಿಲ್ಲುವವನ ನೆನಪಿರಲಿ.

ನಾಲ್ಕೂ ಊರಿನ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಸಣ್ಣದು. ಒಂದು ದಿನ ಗಾಲಿಕುರ್ಚಿಯವರೊಬ್ಬರನ್ನು ಕರೆಯಿರಿ. ಗೇಟಿನಿಂದ ನಿಮ್ಮ ಮೇಜಿನವರೆಗೆ ಅವರ ಜತೆ ಬನ್ನಿ. ಎಲ್ಲೆಲ್ಲಿ ಗಾಲಿ ನಿಂತಿತೋ ಅಲ್ಲಲ್ಲಿ ಸುಣ್ಣದ ಗುರುತು ಹಾಕಿ, ಮರುದಿನ ಗೌಂಡಿಯನ್ನು ಕರೆಸಿ. ಆ ಗುರುತುಗಳು ಅಳಿಸಿದ ದಿನ ಜಿಲ್ಲೆ ನಿಜಕ್ಕೂ ಹತ್ತಿರ ಬಂತೆಂದು ನಾವೇ ಬರೆಯುತ್ತೇವೆ.