ಮೊಸರನ್ನ, ಬಿಸ್ಕತ್ತು ಮತ್ತು ಖಾಲಿ ಪೂರಿ

ಬಂಗಾರಪೇಟೆಯ ಪಾನಿಪೂರಿಯ ರುಚಿ ನೋಡದವರು ನಮ್ಮ ಕಡೆ ಕಡಿಮೆ. ಬೇರೆ ಊರುಗಳಲ್ಲಿ ಪಾನಿ ಹಸಿರಾಗಿರುತ್ತದೆ. ಇಲ್ಲಿ ಅದು ಕುಡಿಯುವ ನೀರಿನಷ್ಟೇ ತಿಳಿ. ಬಾಯಿಗಿಟ್ಟ ಮೇಲೆಯೇ ಅದರ ಖಾರ ಗೊತ್ತಾಗುವುದು. ಒಂದು ಸಂಜೆ ರೈಲಿಗೆ ಇನ್ನೂ ಹೊತ್ತಿದೆ ಎಂದು ನಾನು ಅಂತಹ ಒಂದು ಗಾಡಿಯ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹಿರಿಯರು, "ಇಪ್ಪತ್ತು ಪೂರಿ ಕೊಡಪ್ಪಾ. ಮಸಾಲೆ ಬೇಡ, ಪಾನಿ ಬೇಡ. ಒಂದೂ ಮುರಿದಿರಬಾರದು, ನೋಡಿ ಹಾಕು" ಎಂದರು. ಗಾಡಿಯವನು ನಕ್ಕ. "ಪಾನಿ ಇಲ್ಲದೆ ಎಂಥ ಪಾನಿಪೂರಿ ಸಾಬ್?"

"ಮೊಮ್ಮಗನಿಗೆ" ಎಂದಷ್ಟೇ ಹೇಳಿ ಅವರು ಪೊಟ್ಟಣವನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದುಕೊಂಡು ಹೋದರು. ನಾನು ಮುಸುಕನ್ನು ಸರಿಪಡಿಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದೆ. ಆ ಮೊಮ್ಮಗನನ್ನು ನಾನು ಬಲ್ಲೆ. ಒಂದು ವರ್ಷ ನನ್ನ ತರಗತಿಯಲ್ಲೇ ಇದ್ದವನು. ಅವನ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ. ಅದನ್ನು ಇಲ್ಲಿ ಹೇಳಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ರಾಬರ್ಟ್‌ಸನ್‌ಪೇಟೆಯ ಮನೆ. ಹುಡುಗನಿಗೆ ಆಗ ಏಳು ವರ್ಷ. ಮಾತು ಕಡಿಮೆ, ಲೆಕ್ಕ ಚುರುಕು. ಅವನು ತಿನ್ನುತ್ತಿದ್ದದ್ದು ಮೂರೇ ಮೂರು. ಒಗ್ಗರಣೆ ಇಲ್ಲದ ಮೊಸರನ್ನ, ಅದೂ ಅದೇ ಸ್ಟೀಲ್ ಬಟ್ಟಲಿನಲ್ಲಿ. ಗ್ಲೂಕೋಸ್ ಬಿಸ್ಕತ್ತು. ಮತ್ತು ಅಜ್ಜ ತರುವ ಖಾಲಿ ಪೂರಿ. ಶಾಲೆಗೆ ಸೇರಿಸುವಾಗ ತಾಯಿ, "ಟೀಚರ್, ಊಟದಲ್ಲಿ ಅವನು ಸ್ವಲ್ಪ ಬೇರೆ ಥರ" ಎಂದಿದ್ದರು. ನಾನು ಮುದ್ದು ಮಾಡಿ ಕೆಡಿಸಿದ್ದಾರೆ ಎಂದುಕೊಂಡೆ. ನಾನು ಮದ್ರಸಾದಲ್ಲಿ ಓದಿದವಳು, ಆಮೇಲೆ ಬಿ.ಎ. ಮಾಡಿದವಳು. ಎರಡು ಕಡೆಯೂ ಆಟಿಸಂ ಎಂಬ ಪದ ನನ್ನ ಕಿವಿಗೆ ಬಿದ್ದಿರಲಿಲ್ಲ. ಸ್ವಲೀನತೆ ಎಂಬ ಅದರ ಕನ್ನಡ ಪದವಂತೂ ದೂರದ ಮಾತು.

ಶಾಲೆಯಲ್ಲಿ ಮಕ್ಕಳಿಗೆ ಕ್ಷೀರಭಾಗ್ಯದ ಹಾಲು ಕೊಡುತ್ತೇವೆ. 2013ರಿಂದ ಬಂದ ಯೋಜನೆ, ಒಳ್ಳೆಯದೇ. ಈ ಹುಡುಗ ಲೋಟ ಕಂಡರೆ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಒಂದು ದಿನ ನನಗೆ ಹಟ ಬಂತು. ಎಲ್ಲ ಮಕ್ಕಳೂ ಕುಡಿಯುವಾಗ ಇವನಿಗೇನು ಬಂದಿದೆ? ಗಲ್ಲ ಹಿಡಿದು ಎರಡು ಗುಟುಕು ಕುಡಿಸಿದೆ. ಅವನು ಅಲ್ಲೇ ವಾಂತಿ ಮಾಡಿದ. ಮಕ್ಕಳು ನಕ್ಕರು. ನಾನು ನೆಲ ಒರೆಸಿಸಿ ಪಾಠ ಮುಂದುವರಿಸಿದೆ.

ಹತ್ತು ದಿನಗಳ ನಂತರ ತಾಯಿ ಬಂದರು. ಜಗಳಕ್ಕಲ್ಲ. ಬಾಗಿಲ ಹತ್ತಿರ ನಿಂತು ಮೆಲ್ಲಗೆ, "ಟೀಚರ್, ನೀವು ಅವನ ಒಳ್ಳೆಯದಕ್ಕೇ ಮಾಡಿದಿರಿ. ಆದರೆ ಅವನ ಹತ್ತಿರ ಇದ್ದದ್ದೇ ಮೂರು. ಈಗ ಮೊಸರನ್ನವೂ ಹೋಯಿತು. ಬೆಳ್ಳಗಿರುವುದು ಯಾವುದನ್ನೂ ಮುಟ್ಟುತ್ತಿಲ್ಲ" ಎಂದರು. ಆ ಹತ್ತು ದಿನವೂ ಹುಡುಗ ಬಿಸ್ಕತ್ತು, ಪೂರಿ, ನೀರಿನಲ್ಲೇ ಇದ್ದ. ಮತ್ತೆ ಮೊಸರನ್ನಕ್ಕೆ ಬರಲು ಅವನಿಗೆ ಮೂರು ತಿಂಗಳು ಹಿಡಿಯಿತು.

ಅದಾದ ಮೇಲೆಯೇ ನಾನು ಈ ವಿಷಯದ ಬಗ್ಗೆ ಓದತೊಡಗಿದ್ದು, ಬಲ್ಲವರನ್ನು ಕೇಳತೊಡಗಿದ್ದು.

ಆಟಿಸಂ ಅನ್ನು ಮೊದಲು ವಿವರವಾಗಿ ಬರೆದವರಲ್ಲಿ ಒಬ್ಬರು ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್. 1943ರಲ್ಲಿ ಅವರು 11 ಮಕ್ಕಳ ಬಗ್ಗೆ ಬರೆದರು. ಆ 11ರಲ್ಲಿ 6 ಮಕ್ಕಳಿಗೆ ಹುಟ್ಟಿದಾಗಿನಿಂದಲೇ ಊಟದ ತೊಂದರೆ ತೀವ್ರವಾಗಿತ್ತು. ಅಂದರೆ ಇದು ಈಗಿನ ಟಿ.ವಿ., ಮೊಬೈಲು, ಅಂಗಡಿ ತಿಂಡಿಗಳಿಂದ ಬಂದ ರೋಗವಲ್ಲ. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಅಸಾಮಾನ್ಯ ಆಹಾರಕ್ರಮ ಕಂಡುಬಂದಿತ್ತು. ಆಟಿಸಂನಂತಹ ತೊಂದರೆ ಏನೂ ಇಲ್ಲದ ಮಕ್ಕಳಲ್ಲಿ ಅದು ನೂರಕ್ಕೆ ಸುಮಾರು 5 ಮಾತ್ರ. ಎಲ್ಲ ಮಕ್ಕಳೂ ಎರಡು ಮೂರು ವರ್ಷದಲ್ಲಿ ಊಟಕ್ಕೆ ರಗಳೆ ಮಾಡುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಇವರದು ಹಾಗೆ ತಾನಾಗಿ ಸರಿಹೋಗುವ ರಗಳೆಯಲ್ಲ.

ಕಾರಣ ಒಂದೇ ಅಲ್ಲ. ಬಹಳ ಮಕ್ಕಳಿಗೆ ನಾಲಿಗೆ, ಮೂಗು, ಕಿವಿ ನಮ್ಮದಕ್ಕಿಂತ ಹೆಚ್ಚು ಸೂಕ್ಷ್ಮ. ನಮಗೆ ಬಿರಿಯಾನಿಯ ದಮ್ ಬಿಚ್ಚಿದಾಗ ಬಾಯಲ್ಲಿ ನೀರೂರಿದರೆ, ಅವರಿಗೆ ಅದು ಉಸಿರು ಕಟ್ಟಿಸುವ ಹೊಗೆ. ಬೆಂಡೆಕಾಯಿಯ ಲೋಳೆ, ಟೊಮೆಟೊ ಸಿಪ್ಪೆ, ಅನ್ನದಲ್ಲಿ ಹಲ್ಲಿಗೆ ಸಿಕ್ಕ ಜೀರಿಗೆ, ಇವು ಬಾಯಲ್ಲಿ ಹುಳ ಹರಿದಂತೆ ಇರಬಹುದು. ಕೆಲವರಿಗೆ ಇದು ತಿರುಗುಮುರುಗು. ಸಪ್ಪೆ ಊಟ ಅವರಿಗೆ ಬಾಯಲ್ಲಿ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಅವರು ಉಪ್ಪಿನಕಾಯಿ, ಹಸಿಮೆಣಸು, ಗರಿಗರಿ ಎನ್ನುವ ಪದಾರ್ಥಗಳನ್ನೇ ಹುಡುಕುತ್ತಾರೆ.

ಇನ್ನೊಂದು ಕಾರಣ ನನ್ನನ್ನು ಯೋಚನೆಗೆ ಹಚ್ಚಿತು. ಈ ಮಕ್ಕಳಿಗೆ ಬಿಸ್ಕತ್ತೇ ಏಕೆ ಬೇಕು? ನೂರು ಬಿಸ್ಕತ್ತಾದರೂ ನೂರೂ ಒಂದೇ ಆಕಾರ, ಒಂದೇ ರುಚಿ. ದ್ರಾಕ್ಷಿ ಹಾಗಲ್ಲ. ಒಂದು ಸಿಹಿ, ಒಂದು ಹುಳಿ, ಒಂದು ಮೆತ್ತಗೆ. ಇವತ್ತಿನ ಸಾರು ನಿನ್ನೆಯ ಸಾರಲ್ಲ. ಹೊರಗಿನ ಪ್ರಪಂಚವೆಲ್ಲ ಗೊಂದಲವಾಗಿ ಕಾಣುವ ಮಗುವಿಗೆ ತಟ್ಟೆಯಲ್ಲಾದರೂ ನಿನ್ನೆ ಇದ್ದದ್ದೇ ಇವತ್ತೂ ಇರಬೇಕು. ಅದಕ್ಕೇ ಮುರಿದ ಬಿಸ್ಕತ್ತು ಅವನ ಪಾಲಿಗೆ ಬಿಸ್ಕತ್ತೇ ಅಲ್ಲ. ಒಮ್ಮೆ ಕಂಪನಿಯವರು ಪೊಟ್ಟಣದ ಮೇಲಿನ ಚಿತ್ರ ಬದಲಾಯಿಸಿದಾಗ ಈ ಹುಡುಗ ಎರಡು ದಿನ ಅದನ್ನು ಮುಟ್ಟಲಿಲ್ಲವಂತೆ. ಅಂದಿನಿಂದ ತಾಯಿ ಅಂಗಡಿಯಿಂದ ತಂದ ಕೂಡಲೇ ಬಿಸ್ಕತ್ತುಗಳನ್ನು ಒಂದು ಡಬ್ಬಿಗೆ ಸುರಿದುಬಿಡುತ್ತಾರೆ. ಅವನಿಗೆ ಈಗ ಗೊತ್ತಿರುವುದು ಡಬ್ಬಿ ಮಾತ್ರ. ನಮ್ಮೂರಿನ ನೀರಿನ ಕಥೆ ನಿಮಗೆ ಗೊತ್ತೇ ಇದೆ. ಟ್ಯಾಂಕರ್ ನೀರಲ್ಲಿ ಅನ್ನ ಮಾಡಿದ ದಿನ ಅವನು ಬಟ್ಟಲನ್ನು ಮೂಸಿ ದೂರ ಸರಿಸುತ್ತಿದ್ದ. ಕ್ಯಾನ್ ನೀರಿನ ಅನ್ನವಾದರೆ ತಿನ್ನುತ್ತಿದ್ದ. ಈ ವ್ಯತ್ಯಾಸ ಹಿಡಿಯಲು ತಾಯಿಗೆ ಒಂದು ವರ್ಷ ಬೇಕಾಯಿತು.

"ಎರಡು ದಿನ ಉಪವಾಸ ಹಾಕು, ಹಸಿದರೆ ತಾನೇ ತಿಂತಾನೆ." ಇದು ಪ್ರತಿ ಮನೆಯ ದಾದಿಯರೂ ಕೊಡುವ ಸಲಹೆ. ಅವರು ಮಕ್ಕಳನ್ನು ಸಾಕಿದ ಅನುಭವದಿಂದಲೇ ಹೇಳುತ್ತಾರೆ, ಸುಳ್ಳಲ್ಲ. ಆದರೆ ಈ ಮಕ್ಕಳಲ್ಲಿ ಕೆಲವರಿಗೆ ಹಸಿವು ಎಂದರೆ ಏನೆಂದೇ ಹೊಟ್ಟೆಯಿಂದ ಸರಿಯಾಗಿ ಸುದ್ದಿ ಬರುವುದಿಲ್ಲ. ಹಸಿದಾಗ ಊಟ ಕೇಳುವ ಬದಲು ತಲೆ ಚಚ್ಚಿಕೊಳ್ಳುತ್ತಾರೆ, ಅಳುತ್ತಾರೆ. ಬೇಡದ್ದನ್ನು ತಿನ್ನುವ ಬದಲು ಕೃಶರಾಗುವವರಿದ್ದಾರೆ, ಆಸ್ಪತ್ರೆ ಸೇರಿದವರೂ ಇದ್ದಾರೆ. ಕೆಲವರಿಗೆ ಮಲಬದ್ಧತೆ, ಎದೆಯುರಿ, ಹುಳುಕು ಹಲ್ಲು ಇರುತ್ತದೆ. ನೋವು ಎಂದು ಹೇಳಲು ಬಾರದೆ ತಟ್ಟೆ ತಳ್ಳುತ್ತಾರೆ. ಆದ್ದರಿಂದ ಊಟ ಬಿಟ್ಟ ಮಗುವನ್ನು ಗದರಿಸುವ ಮುನ್ನ ಹಲ್ಲು ಮತ್ತು ಹೊಟ್ಟೆಯನ್ನು ಡಾಕ್ಟರಿಗೆ ತೋರಿಸಿ.

ಇಷ್ಟಾದರೂ ಮಾತು ಕೇಳಬೇಕಾದದ್ದು ತಾಯಿಯೇ. ಮದುವೆ ದಾವತ್‌ನಲ್ಲಿ ಮಗು ತಟ್ಟೆ ತಳ್ಳಿದರೆ, "ತಾಯಿ ಅಡುಗೆ ಕಲಿಸಿಲ್ಲ, ಅದಬ್ ಕಲಿಸಿಲ್ಲ" ಎನ್ನುತ್ತಾರೆ. ಇನ್ನೊಬ್ಬರು ನಜರ್ ಆಗಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಕೊನೆಗೆ ಆಕೆ ದಾವತ್‌ಗೆ ಹೋಗುವುದನ್ನೇ ಬಿಡುತ್ತಾಳೆ. ಹದೀಸ್ ಓದಿದವರಿಗೆ ಉಡದ ಮಾಂಸದ ಪ್ರಸಂಗ ನೆನಪಿರಬಹುದು. ಹ. ಮೈಮೂನಾ(ರ)ರ ಮನೆಯಲ್ಲಿ ಸುಟ್ಟ ಉಡವನ್ನು ಬಡಿಸಿದಾಗ ಪ್ರವಾದಿ(ಸ) ಕೈ ಹಿಂದೆಗೆದರು. ಅದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಹರಾಮ್ ಅಲ್ಲ, ತನ್ನ ಜನರ ನಾಡಿನಲ್ಲಿ ಅದು ಇರಲಿಲ್ಲ, ಆದ್ದರಿಂದ ತನಗೆ ಮನಸ್ಸು ಬಾರದು ಎಂದರು. ಖಾಲಿದ್(ರ) ಅವರ ಎದುರಿಗೇ ಅದನ್ನು ತಿಂದರು. ಪರಿಚಯವಿಲ್ಲದ ಊಟಕ್ಕೆ ಮನಸ್ಸು ಒಪ್ಪುತ್ತಿಲ್ಲ ಎಂಬುದು ಅಲ್ಲಿ ಸಾಕಷ್ಟು ಕಾರಣವಾಗಿತ್ತು. ಮದ್ರಸಾದಲ್ಲಿ ಇದನ್ನು ನಾನು ಹಲಾಲ್-ಹರಾಮ್ ಪಾಠದಲ್ಲಿ ಓದಿದ್ದೆ. ಹಾಲಿನ ಲೋಟ ಹಿಡಿದ ದಿನ ಅದು ನೆನಪಿಗೆ ಬರಲಿಲ್ಲ.

ಹಾಗೆಂದು ಮೂರೇ ಪದಾರ್ಥ ತಿನ್ನಲಿ ಬಿಡಿ ಎಂದು ಕೈಕಟ್ಟಿ ಕೂರಲಾಗದು. ಹಣ್ಣು ತರಕಾರಿ ಮುಟ್ಟದ ಮಕ್ಕಳಲ್ಲಿ ಸಿ ವಿಟಮಿನ್ ತೀರಾ ಕಡಿಮೆಯಾಗಿ ವಸಡಿನಲ್ಲಿ ರಕ್ತ ಬಂದದ್ದು, ಕಾಲು ನೋವಿನಿಂದ ನಡೆಯಲು ನಿರಾಕರಿಸಿದ್ದು ವೈದ್ಯರ ದಾಖಲೆಗಳಲ್ಲಿದೆ. ಎ ವಿಟಮಿನ್ ಇಲ್ಲದೆ ಕಣ್ಣು ಕೆಡಿಸಿಕೊಂಡವರೂ ಇದ್ದಾರೆ. ರಕ್ತಹೀನತೆ ಇನ್ನೂ ಸಾಮಾನ್ಯ. ಕೆಲವರು ತುತ್ತನ್ನು ನುಂಗದೆ ಕೆನ್ನೆಯಲ್ಲೇ ಗಂಟೆಗಟ್ಟಲೆ ಇಟ್ಟುಕೊಳ್ಳುತ್ತಾರೆ. ಮಲಗಿಸುವ ಮುನ್ನ ಬಾಯಿ ನೋಡಿ. ಗಂಟಲಿಗೆ ಸಿಕ್ಕರೆ ಅಪಾಯ.

ಮಣ್ಣು, ಸೀಮೆಸುಣ್ಣ, ಕಾಗದ, ಗೋಡೆಯ ಸುಣ್ಣ ತಿನ್ನುವವರೂ ಇದ್ದಾರೆ. ವೈದ್ಯರು ಇದಕ್ಕೆ ಪೈಕಾ ಎನ್ನುತ್ತಾರೆ. ಕಬ್ಬಿಣಾಂಶ ಕಡಿಮೆ ಇದ್ದಾಗಲೂ ಇದು ಕಾಣಿಸಬಹುದು. ಮಣ್ಣು ತಿನ್ನುವುದು ಎಲ್ಲ ಊರಿನಲ್ಲೂ ಕೆಟ್ಟದ್ದೇ, ಆದರೆ ಕೆಜಿಎಫ್‌ನಲ್ಲಿ ಅದಕ್ಕೆ ಇನ್ನೊಂದು ಭಯ ಸೇರಿದೆ. ಇಲ್ಲಿಯ ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಉಳಿದವು. ಚಿನ್ನದ ಅದಿರನ್ನು ಹುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಬಿಟ್ಟ ಮರಳು ಅದು, 3 ಕೋಟಿ ಟನ್ನಿಗೂ ಹೆಚ್ಚು. ಗಾಳಿ ಬೀಸಿದರೆ ಅದರ ಧೂಳು ಅಂಗಳಕ್ಕೇ ಬರುತ್ತದೆ. ಅಂತಹ ಮಗು ಮನೆಯಲ್ಲಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹೊಡೆದು ಬಿಡಿಸುವ ಚಟ ಇದಲ್ಲ.

ಇನ್ನೊಂದು ಎಚ್ಚರಿಕೆ. ಗೋಧಿ ಮತ್ತು ಹಾಲು ಬಿಡಿಸಿದರೆ ಆಟಿಸಂ ವಾಸಿಯಾಗುತ್ತದೆ ಎಂದು ಹೇಳಿ ದುಬಾರಿ ಹಿಟ್ಟು, ಪುಡಿ ಮಾರುವವರಿದ್ದಾರೆ. ಅದಕ್ಕೆ ಗಟ್ಟಿಯಾದ ಪುರಾವೆ ಸಂಶೋಧನೆಗಳಲ್ಲಿ ಸಿಕ್ಕಿಲ್ಲ. ಮೊಸರನ್ನ, ಬಿಸ್ಕತ್ತು, ಪೂರಿಯಲ್ಲಿ ಬದುಕುವ ಮಗುವಿನಿಂದ ಹಾಲು, ಗೋಧಿ ಕಿತ್ತುಕೊಂಡರೆ ಉಳಿಯುವುದೇನು? ವೈದ್ಯರು ಪರೀಕ್ಷೆ ಮಾಡಿ ಅಲರ್ಜಿ ಇದೆ ಎಂದರೆ ಮಾತು ಬೇರೆ.

ನಮ್ಮ ಹುಡುಗನ ತಾಯಿ ಮಾರಿಕುಪ್ಪಂನ ಬೆಳಗಿನ ರೈಲು ಹಿಡಿದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರು. ಕೆಲಸಕ್ಕೆ ಹೋಗುವವರಿಂದ ತುಂಬಿ ತುಳುಕುವ ಆ ರೈಲಿನಲ್ಲಿ ಕಿವಿ ಮುಚ್ಚಿಕೊಂಡ ಮಗುವನ್ನು ಕರೆದೊಯ್ಯುವುದು ಏನೆಂದು ಹೋದವರಿಗೇ ಗೊತ್ತು. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ಮಕ್ಕಳ ವೈದ್ಯರನ್ನು ಕಾಣಬಹುದು. ಮಾತಿನ ತರಬೇತಿ, ನುಂಗುವ ತೊಂದರೆಗೆ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಿಕೊಳ್ಳಲು ನಾಚಿಕೆ ಬೇಡ.

ಅಲ್ಲಿ ತಾಯಿಗೆ ಸಿಕ್ಕ ಸಲಹೆಯಲ್ಲಿ ಮಾಯಮಂತ್ರ ಇರಲಿಲ್ಲ. ಅವನು ಈಗ ತಿನ್ನುವುದನ್ನು ಕಾಪಾಡಿ, ಅದರೊಳಗೆ ಔಷಧಿಯನ್ನೋ ತರಕಾರಿಯನ್ನೋ ಅಡಗಿಸಬೇಡಿ. ಒಮ್ಮೆ ಮೋಸ ತಿಳಿದರೆ ಅದನ್ನೂ ಬಿಡುತ್ತಾನೆ. ಹೊಸದನ್ನು ಹಳೆಯದರ ನೆಂಟನಂತೆ ತನ್ನಿ. ಪಕ್ಕದಲ್ಲಿಡಿ, ತಿನ್ನು ಎನ್ನಬೇಡಿ. ಮುಟ್ಟಿದರೆ ಒಂದು ಹೆಜ್ಜೆ, ಮೂಸಿದರೆ ಇನ್ನೊಂದು ಹೆಜ್ಜೆ.

ಖಾಲಿ ಪೂರಿಯಿಂದ ಆರಂಭವಾಯಿತು. ಪೂರಿಯ ಪಕ್ಕ ಅಷ್ಟೇ ಗುಂಡಗಿನ, ಅಷ್ಟೇ ಬಣ್ಣದ ಸಣ್ಣ ಹಪ್ಪಳ. ಐದು ವಾರ ಅದು ಸುಮ್ಮನೆ ತಟ್ಟೆಯಲ್ಲಿ ಕೂತಿತ್ತು. ಆರನೆಯ ವಾರ ಅದನ್ನು ಕಿವಿಯ ಹತ್ತಿರ ಹಿಡಿದು ಮುರಿದ, ಶಬ್ದ ಕೇಳಿದ, ತಿಂದ. ಹಪ್ಪಳದಿಂದ ದೋಸೆಯ ಗರಿಗರಿ ಅಂಚು. ಅಂಚಿನಿಂದ ಇಡೀ ದೋಸೆ. ದೋಸೆ ಹಿಟ್ಟಿಗೆ ಅವನ ಕಣ್ಣೆದುರಿಗೇ ಒಂದು ಚಮಚ ರಾಗಿ ಹಿಟ್ಟು, ತಿಂಗಳ ನಂತರ ಎರಡು. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ರಾಗಿ ತಿನ್ನದವನು ಎಂಬ ಅಪವಾದ ಹೀಗೆ ತೀರಿತು. ಇಷ್ಟಕ್ಕೆ ಒಂದೂವರೆ ವರ್ಷ. ಈಗ ಅವನ ಪಟ್ಟಿಯಲ್ಲಿ ಏಳು ಪದಾರ್ಥಗಳಿವೆ. ತರಕಾರಿ ಇನ್ನೂ ಇಲ್ಲ, ಮಾಂಸ ಇಲ್ಲ. ವೈದ್ಯರು ಬರೆದುಕೊಟ್ಟ ವಿಟಮಿನ್ ಡ್ರಾಪ್ಸ್ ನಡೆಯುತ್ತಿದೆ.

ರಮಝಾನ್ ಆ ಮನೆಗೆ ಕಷ್ಟದ ತಿಂಗಳು. ಮನೆಯವರ ಊಟದ ಹೊತ್ತೆಲ್ಲ ಬದಲಾದರೂ ಅವನ ಮೊಸರನ್ನ ಒಂದೂವರೆ ಗಂಟೆಗೇ ಬರಬೇಕು. ರೋಝಾ ಹಿಡಿದ ತಾಯಿ ಮಧ್ಯಾಹ್ನ ಅಡುಗೆಮನೆಗೆ ಹೋಗಿ ಅನ್ನ ಮಾಡುತ್ತಾರೆ. ಮೊದಲು ಅತ್ತೆ ಗೊಣಗುತ್ತಿದ್ದರು. ಈಗ ಮೊಸರು ಹೆಪ್ಪು ಹಾಕುವುದು ಅವರೇ.

ಕಳೆದ ರಮಝಾನಿನಲ್ಲಿ ಒಂದು ದಿನ ಅವರನ್ನು ಇಫ್ತಾರ್‌ಗೆ ಕರೆದೆ. "ಬರುವುದಿಲ್ಲ ಆಪಾ, ಅವನು ಇರುತ್ತಾನಲ್ಲ" ಎಂದರು ತಾಯಿ. ಅವನ ಡಬ್ಬಿ, ಅವನ ಬಟ್ಟಲು ತೆಗೆದುಕೊಂಡೇ ಬನ್ನಿ ಎಂದೆ. ಆಪಾ ಎಂದು ಆಕೆ ನನ್ನನ್ನು ಕರೆದದ್ದು ಅದೇ ಮೊದಲು, ಅಲ್ಲಿಯವರೆಗೆ ಟೀಚರ್ ಆಗಿದ್ದೆ. ಎಣ್ಣೆ ತಿಂಡಿಗಳನ್ನೆಲ್ಲ ದಸ್ತರ್‌ಖಾನಿನ ಒಂದು ತುದಿಗೆ ಇಟ್ಟು, ಫ್ಯಾನಿನ ಗಾಳಿ ಬರುವ ಇನ್ನೊಂದು ತುದಿಯಲ್ಲಿ ಅವನಿಗೆ ಜಾಗ ಮಾಡಿದೆವು. ಅಜ್ಜ ಮಗ್ಗುಲಲ್ಲೇ ಕೂತರು. ಹುಡುಗ ಹತ್ತು ನಿಮಿಷ ಕೂತ. ಬಿಸ್ಕತ್ತು ತಿಂದ. ಏಳುವ ಮುನ್ನ ಕೈ ಚಾಚಿ ಒಂದು ಸಮೋಸಾ ಎತ್ತಿಕೊಂಡ, ಮೂಸಿದ, ಅದರ ಅಂಚಿನ ಮೇಲೆ ಬೆರಳಾಡಿಸಿದ, ಮತ್ತೆ ಅದೇ ಜಾಗದಲ್ಲಿ ಇಟ್ಟ.

"ನೋಡಿದೆಯಾ, ಮುಟ್ಟಿದ" ಎಂದರು ದಾದಿ.