ಕಣ್ಣು ರನ್‌ವೇ ಮೇಲಿರುವಾಗ ಕೈಗೆ ನಾಬ್ ಸಿಗಬೇಕು

ಫ್ಲೈಟ್ ಸಿಮ್ಯುಲೇಟರ್‌ಗಾಗಿ ಮನೆಯ ಕೋಣೆಯಲ್ಲಿ ಬೋಯಿಂಗ್ 737ರ ಕಾಕ್‌ಪಿಟ್ ಕಟ್ಟಲು ಹೊರಟವರನ್ನು ಮೊದಲು ಹೆದರಿಸುವುದು ಸ್ವಿಚ್‌ಗಳ ಸಂಖ್ಯೆ. ಪೈಲಟ್‌ನ ತಲೆಯ ಮೇಲಿನ ಫಲಕವೊಂದರಲ್ಲೇ ಅವು ಸಾಲುಗಟ್ಟಿ ನಿಂತಿವೆ. ಎಲ್ಲವನ್ನೂ ಕೊಂಡು, ಒಂದೊಂದಕ್ಕೂ ವೈರ್ ಬೆಸೆದು ಕೂರಿಸುವುದು ದೀರ್ಘ ಕೆಲಸ. ಅದರ ಬದಲು ಟಚ್‌ಸ್ಕ್ರೀನ್ ಮಾನಿಟರ್ ಇಟ್ಟು, ಏರ್ ಮ್ಯಾನೇಜರ್‌ನಂಥ ತಂತ್ರಾಂಶದಿಂದ ಅದರ ಮೇಲೆ ಫಲಕದ ಚಿತ್ರ ಮೂಡಿಸಿಕೊಳ್ಳಬಹುದು. ಇವತ್ತು 737, ನಾಳೆ ಸೆಸ್ನಾ 172, ಮಾನಿಟರ್ ಅದೇ.

ಅನುಕೂಲ ದೊಡ್ಡದು, ಅನುಮಾನವಿಲ್ಲ. ಆದರೆ ಇಡೀ ಕಾಕ್‌ಪಿಟ್ಟನ್ನು ಗಾಜಿಗೆ ಒಪ್ಪಿಸಿಬಿಡುವುದು ತಪ್ಪು.

ಟಚ್‌ಸ್ಕ್ರೀನ್ ಒಪ್ಪುವ ಜಾಗಗಳಿವೆ. 737ರ ಎಂಜಿನ್ ಚಾಲೂ ಮಾಡುವಾಗ ವಿಮಾನ ಇನ್ನೂ ನೆಲದ ಮೇಲಿರುತ್ತದೆ, ಪೈಲಟ್ ಫಲಕವನ್ನು ನೋಡಿಕೊಂಡೇ ಸ್ವಿಚ್ ತಿರುಗಿಸುತ್ತಾನೆ. ಇಂಥ ಕೆಲಸಕ್ಕೆ ಚಿತ್ರದ ಸ್ವಿಚ್ ಸಾಕು. ನಿಜವಾದ ವಿಮಾನಗಳಿಗೂ ಸ್ಪರ್ಶಪರದೆ ಬಂದಿದೆ: ಗಾರ್ಮಿನ್ ಕಂಪನಿಯ ಜಿಟಿಎನ್ ಉಪಕರಣಗಳು 2011ರಲ್ಲಿ ಬಂದವು, 2019ರ ಕೊನೆಯಿಂದ ಏರ್‌ಬಸ್ ಎ350ರಲ್ಲೂ ಸ್ಪರ್ಶಪರದೆಗಳಿವೆ. ಗಮನಿಸಬೇಕಾದ ಸಂಗತಿಯೆಂದರೆ, ಜಿಟಿಎನ್‌ನಲ್ಲಿ ಪರದೆಯಿದ್ದರೂ ನಾಬ್‌ಗಳನ್ನು ತೆಗೆದುಹಾಕಿಲ್ಲ.

ಅದಕ್ಕೆ ಕಾರಣವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಸುರಕ್ಷಿತವಾಗಿ ಇಳಿದ ಮೇಲೂ ಹೊಟ್ಟೆಯ ಮೇಲೆ ಕುಸಿದು ಕೂರುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲಾಪ್‌ನದು ಎಂದುಕೊಂಡು ಚಕ್ರ ಮಡಚುವ ಸ್ವಿಚ್ ಒತ್ತುತ್ತಿದ್ದರು. ಎರಡೂ ಪಕ್ಕಪಕ್ಕದಲ್ಲಿದ್ದವು, ಮುಟ್ಟಿದರೆ ಒಂದೇ ಥರ. ಮನೋವಿಜ್ಞಾನಿ ಅಲ್ಫಾನ್ಸ್ ಚಪಾನಿಸ್ ಸೂಚಿಸಿದ ಪರಿಹಾರ ಬಹಳ ಸರಳ: ಒಂದಕ್ಕೆ ಚಕ್ರದ ಆಕಾರದ ಹಿಡಿ, ಇನ್ನೊಂದಕ್ಕೆ ರೆಕ್ಕೆಯಂತೆ ಚಪ್ಪಟೆಯಾದ ಹಿಡಿ. ಇಂದಿಗೂ ಪ್ರಯಾಣಿಕ ವಿಮಾನಗಳಲ್ಲಿ ಗೇರ್ ಲಿವರ್‌ನ ತುದಿ ಪುಟ್ಟ ಚಕ್ರದಂತಿರುತ್ತದೆ. ಗಾಜಿನ ಮೇಲೆ ಈ ಎರಡೂ ಹಿಡಿಗಳು ಬೆರಳಿಗೆ ಒಂದೇ.

ಸೆಸ್ನಾ 172ರ ಜಿ1000 ಫಲಕದಲ್ಲಿರುವ ರೇಡಿಯೊ ನಾಬ್ ನೋಡಿ. ಹೊರಗಿನ ದೊಡ್ಡ ಉಂಗುರ ತಿರುಗಿಸಿದರೆ ಮೆಗಾಹರ್ಟ್ಸ್ ಬದಲಾಗುತ್ತದೆ, ಒಳಗಿನ ಚಿಕ್ಕದನ್ನು ತಿರುಗಿಸಿದರೆ ಕಿಲೋಹರ್ಟ್ಸ್. ಪ್ರತಿ ಹಂತಕ್ಕೂ ಬೆರಳಿಗೆ ಟಿಕ್ ಎಂದು ತಟ್ಟುತ್ತದೆ, ಹಂತಗಳನ್ನು ಬೆರಳೇ ಎಣಿಸಿಬಿಡುತ್ತದೆ. ಅದೇ ನಾಬ್ ಚಿತ್ರವಾದಾಗ ತಲೆ ತಗ್ಗಿಸಿ, ಅಂಚು ಹುಡುಕಿ, ಮತ್ತೆ ಮತ್ತೆ ಒತ್ತುತ್ತಾ ಅಂಕಿ ನೋಡಬೇಕು. ಅಷ್ಟರಲ್ಲಿ ರನ್‌ವೇ ಕಿಟಕಿಯಲ್ಲಿ ಪಕ್ಕಕ್ಕೆ ಸರಿದಿರುತ್ತದೆ. ಹವ್ಯಾಸದ ಹಾರಾಟದಿಂದ ಮುಂದೆ ಫ್ಲೈಯಿಂಗ್ ಸ್ಕೂಲ್ ಸೇರುವ ಆಸೆಯಿರುವವರು ಈ ತಲೆ ತಗ್ಗಿಸುವ ಅಭ್ಯಾಸವನ್ನೂ ಜೊತೆಗೇ ಒಯ್ಯುತ್ತಾರೆ. ಮನೆಯ ಕುರ್ಚಿ ಅಲುಗಾಡದು. ಗಾಳಿ ಎತ್ತಿ ಕುಕ್ಕುವ ನಿಜವಾದ ವಿಮಾನದಲ್ಲಿ ಬೆರಳು ಗುರಿ ತಪ್ಪುತ್ತದೆ.

ಸಮುದ್ರದ ಮೇಲಿನ ಪಾಠವೂ ಇದೇ ದಿಕ್ಕಿನದು. 2017ರ ಆಗಸ್ಟ್‌ನಲ್ಲಿ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಸ್ಪರ್ಶಪರದೆಯ ಮೂಲಕ ನಿಯಂತ್ರಣ ವರ್ಗಾಯಿಸುವಾಗ ಆದ ಗೊಂದಲ ಅದರ ಕಾರಣಗಳಲ್ಲೊಂದು. ಇಂಥ ನೌಕೆಗಳಿಗೆ ಕೈಯಲ್ಲಿ ಹಿಡಿಯುವ ಥ್ರಾಟಲ್‌ಗಳನ್ನೇ ಮರಳಿ ಕೂರಿಸುವುದಾಗಿ 2019ರಲ್ಲಿ ನೌಕಾಪಡೆ ಹೇಳಿತು.

ಹಾಗಾಗಿ ಇರುವ ಹಣವನ್ನು ಮೊದಲು ಯೋಕ್, ಥ್ರಾಟಲ್, ಗೇರ್ ಮತ್ತು ಫ್ಲಾಪ್ ಲಿವರ್‌ಗಳಿಗೆ, ಆಮೇಲೆ ದಿಕ್ಕು, ಎತ್ತರ, ರೇಡಿಯೊಗಳ ನಾಬ್‌ಗೆ ಹಾಕಬೇಕು. ಆರ್ಡುಯಿನೊ ಬೋರ್ಡ್‌ಗೆ ರೋಟರಿ ಎನ್‌ಕೋಡರ್ ಜೋಡಿಸಿ, ಉಚಿತವಾಗಿ ಸಿಗುವ ಮೊಬಿಫ್ಲೈಟ್ ತಂತ್ರಾಂಶದಿಂದ ಸಿಮ್ಯುಲೇಟರ್‌ಗೆ ಕೊಂಡಿ ಹಾಕಿದರೆ ಈ ನಾಬ್‌ಗಳಿಗೆ ಹೆಚ್ಚು ಖರ್ಚಿಲ್ಲ. ಉಳಿದದ್ದಕ್ಕೆ ಟಚ್‌ಸ್ಕ್ರೀನ್ ಇರಲಿ.

ಅದನ್ನು ಕೂರಿಸುವಾಗಲೂ ಎಚ್ಚರ ಬೇಕು. ಒಂದಕ್ಕಿಂತ ಹೆಚ್ಚು ಮಾನಿಟರ್ ಇದ್ದಾಗ ಒಂದನ್ನು ಮುಟ್ಟಿದರೆ ಇನ್ನೊಂದು ಪ್ರತಿಕ್ರಿಯಿಸುವುದುಂಟು. ಯಾವ ಪರದೆ ಯಾವುದೆಂದು ವಿಂಡೋಸ್‌ಗೆ ಮೊದಲೇ ತಿಳಿಸಬೇಕು. ಬೆರಳು ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗುವ ಸೌಲಭ್ಯವನ್ನು ನಿಲ್ಲಿಸಬೇಕು. ಇನ್‌ಫ್ರಾರೆಡ್ ಚೌಕಟ್ಟಿನ ಪರದೆಗೆ ಅಂಗಿಯ ತೋಳು ತಾಗಿದರೂ ಅದು ಬೆರಳೆಂದೇ ತಿಳಿಯುತ್ತದೆ. ಎದೆಯ ಮಟ್ಟಕ್ಕಿಂತ ಕೆಳಗೆ, ತುಸು ಓರೆಯಾಗಿ ಇಟ್ಟರೆ ಗಂಟೆಗಟ್ಟಲೆ ಹಾರಿದರೂ ತೋಳು ಅಷ್ಟಾಗಿ ಸೋಲದು.